ಹೆಸರಿಟ್ಟ ಮೇಲೆ

ಹಳಗನ್ನಡದಲ್ಲಿ ೞ ಎಂಬ ಅಕ್ಷರವೊಂದಿತ್ತೆಂಬುದನ್ನು ಕನ್ನಡ ಐಚ್ಛಿಕದ ಮಿತ್ರರೆಲ್ಲ ಬಲ್ಲರು. ಅಂದಿನ ಬಾೞೆ ಇಂದಿನ ಬಾಳೆ. ಅಂದಿನ ಕೋೞಿ ಇಂದಿನ ಕೋಳಿ. ಕನ್ನಡದಲ್ಲಿ ಳಕಾರವಾದ ಆ ಧ್ವನಿ ತುಳುವಿನಲ್ಲಿ ರಕಾರವಾಗಿದೆ. ಹೆಜಮಾಡಿಯ ಯಾವ ತುಳು ಮನೆಯಲ್ಲಿ ಕೇಳಿದರೂ ಬಾರೆ, ಕೋರಿ ಎಂದೇ ಹೇಳುವರು. (ಕೋರಿರೊಟ್ಟಿ ತಿನ್ನುವಾಗ ಕೇಶಿರಾಜನನ್ನು ನೆನೆಯುವವರು ಇಲ್ಲವೆನ್ನಿ!)

ಜಗತ್ತಿನ ಲಿಪಿಗಳ ಒಂದೊಂದು ಅಕ್ಷರಕ್ಕೂ ಗಣಕಯಂತ್ರದ ಸಲುವಾಗಿ ಒಂದು ಸಂಖ್ಯೆಯನ್ನೂ ಒಂದು ಇಂಗ್ಲಿಷ್ ಹೆಸರನ್ನೂ ಕೊಡುವ ಯೂನಿಕೋಡ್ ಪದ್ಧತಿ 1991ರಲ್ಲಿ ಮೊದಲು ಪ್ರಕಟವಾಯಿತು. ಅದರಲ್ಲಿ ನಮ್ಮ ೞಕ್ಕೆ ಬಿದ್ದ ಹೆಸರು 'ಎಫ್‌ಎ'; ಎಂದರೆ ಫ್ಯಾನು, ಫೋನುಗಳ ಫಕಾರ! ಎಲ್ಲಿಯ ೞ, ಎಲ್ಲಿಯ ಫ್ಯಾನು? ತಪ್ಪು ತಿಳಿದುಬಂದರೂ ತಿದ್ದುವಂತಿಲ್ಲ. 1996ರ 2.0 ಆವೃತ್ತಿಯಿಂದೀಚೆಗೆ ಕೊಟ್ಟ ಹೆಸರನ್ನು ಬದಲಿಸಕೂಡದೆಂಬುದು ಅಲ್ಲಿಯ ನಿಯಮ. ಸರಿಯಾದ ಹೆಸರನ್ನು ಪಕ್ಕದಲ್ಲಿ ಉಪನಾಮವಾಗಿ ಬರೆದಿಟ್ಟಿದ್ದಾರಷ್ಟೆ.

ಅಂತರಜಾಲದ ಕಟ್ಟಳೆಗಳ ಚರಿತ್ರೆಯೂ ಇದೇ ಜಾಡಿನದು. ಓದುಗನು ಯಾವ ಪುಟದಿಂದ ಬಂದನೆಂದು ತಿಳಿಸುವ 'ರೆಫರರ್' ಎಂಬ ಪದದಲ್ಲಿ ಒಂದು 'ಆರ್' ಅಕ್ಷರ ಬಿಟ್ಟುಹೋಗಿ, 1996ರ ಪ್ರಕಟಣೆಯಲ್ಲಿ ಹಾಗೆಯೇ ಅಚ್ಚಾಗಿ, ಇಂದಿಗೂ ತಪ್ಪು ಕಾಗುಣಿತದಲ್ಲಿಯೇ ಓಡಾಡುತ್ತಿದೆ. 1995ರ ಜಾವಾಸ್ಕ್ರಿಪ್ಟಿನಲ್ಲಿ ಜನವರಿಯೆಂದರೆ ಸೊನ್ನೆಯ ತಿಂಗಳು. ವರ್ಷ ಯಾವುದೆಂದು ಕೇಳಿದರೆ, 1900ರಿಂದ ಎಷ್ಟು ಸಂದಿತೆಂದು ಅದರ ಉತ್ತರ. 2000ನೆಯ ಇಸವಿಯಲ್ಲಿ ಆ ಉತ್ತರ 100 ಆಯಿತು. ಹಿಂದೆ ಮುಂದೆ ನೋಡದೆ 19ನ್ನು ಅಂಟಿಸಿದ್ದ ಪುಟಗಳಲ್ಲಿ 19100 ಎಂಬ ಇಸವಿ ಉದಯಿಸಿತು!

ತಿದ್ದದಿರುವುದು ಬರಿಯ ಹಠವೆಂದು ಕೆಲವರ ವಾದ. ನಾನು ಒಪ್ಪಲಾರೆ. ಮೊದಲಿನ ಮಾತನ್ನು ನಂಬಿ ಸಾವಿರಾರು ಮಂದಿ ತಮ್ಮ ಕೆಲಸ ಕಟ್ಟಿಕೊಂಡಿರುವರು. ಅವರ ಕಾಲ್ಕೆಳಗಿನ ನೆಲ ಎಳೆಯುವುದು ನ್ಯಾಯವಲ್ಲ. ದೋಷವಿರುವುದು ಪ್ರಕಟಿಸುವ ಮುನ್ನ ಬಲ್ಲವರನ್ನು ಕೇಳದ ಅವಸರದಲ್ಲಿ.

ಇದನ್ನು ಈಗ ಹೇಳಲು ಕಾರಣವುಂಟು. 2024ರ ಸೆಪ್ಟೆಂಬರಿನಲ್ಲಿ ಯೂನಿಕೋಡಿನ 16.0 ಆವೃತ್ತಿ ತುಳು-ತಿಗಳಾರಿ ಲಿಪಿಗೆ ಸ್ಥಾನ ಕೊಟ್ಟಿತು. ಅಲ್ಲಿ ೞವೂ ಇದೆ. ಈ ಸಲ ಹೆಸರೂ ಸರಿಯಾಗಿದೆ. ಆದರೆ ತಾಳೆಗರಿಯ ರೂಪಕ್ಕೂ ಇಂದು ತರಗತಿಗಳಲ್ಲಿ ಕಲಿಸುವ ರೂಪಕ್ಕೂ ಅಲ್ಲಲ್ಲಿ ಭೇದವಿದೆ. ಅಚ್ಚಿನ ಅಕ್ಷರ, ಕೀಲಿಮಣೆ ಇವುಗಳಲ್ಲಿ ಯಾವುದು ರೂಢಿಗೆ ಬಂದರೆ ಅದೇ ನಿಲ್ಲುವುದು. ಗರಿ ಓದಬಲ್ಲ ಹಿರಿಯರಿಗೆ ಗಣಕ ಬಾರದು. ಗಣಕ ಬಲ್ಲವರಿಗೆ ಗರಿ ಓದಬಾರದು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಯಾರೋ ಬರೆದ ಕಾಗದಕ್ಕೆ ಹೆಬ್ಬೆಟ್ಟೊತ್ತಿ, ತಪ್ಪು ಹೆಸರಿನಲ್ಲಿಯೇ ಬಾಳಿದವರು ಅಜ್ಜ.

ಯೂನಿಕೋಡಿನ ಪಟ್ಟಿ ಎಲ್ಲರಿಗೂ ತೆರೆದದ್ದು. ಆಕ್ಷೇಪ ಬರೆಯಲು ಪದವಿಯೂ ಬೇಡ, ಶುಲ್ಕವೂ ಇಲ್ಲ. ನಮ್ಮ ಕನ್ನಡ ಸಂಘದವರು ಗರಿ ಓದಬಲ್ಲ ಹಿರಿಯರೊಬ್ಬರನ್ನು ಕರೆಸಿ, ಕಂಪ್ಯೂಟರ್ ಕೊಠಡಿಯಲ್ಲಿ ಕೂರಿಸಿಕೊಂಡು, ಆ ಪಟ್ಟಿಯನ್ನು ಅಕ್ಷರಶಃ ಓದಿನೋಡಲಿ. ಒಂದು ಶನಿವಾರದ ಮಧ್ಯಾಹ್ನ ಸಾಕು.