ಮುಂಗಡ ಕಟ್ಟುವ ಮುನ್ನ ಒಮ್ಮೆ ಡಾಕ್ಟರಿಗೆ ತೋರಿಸಿ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳ ಅಕ್ಕ-ತಂಗಿಯರೇ, ಅವರ ಅಪ್ಪ-ಅವ್ವಂದಿರೇ, ಊರೂರಲ್ಲಿ ಪಾರ್ಲರ್ ನಡೆಸುವ ಹೆಣ್ಣುಮಕ್ಕಳೇ,

ಲಗ್ನದ ಸೀಸನ್ ಹತ್ತಿರ ಬಂತೆಂದರೆ ಮೊಬೈಲಿನಲ್ಲಿ ಒಂದೇ ನಮೂನೆಯ ಜಾಹೀರಾತು ಮತ್ತೆ ಮತ್ತೆ ಬರುತ್ತದೆ. ಬೇಡದ ಕೂದಲಿಗೆ ಶಾಶ್ವತ ಪರಿಹಾರ, ನೋವಿಲ್ಲ, ಆರು ಸಿಟ್ಟಿಂಗಿಗೆ ಅರ್ಧ ದರ, ಕಂತಿನಲ್ಲಿ ಕಟ್ಟಬಹುದು. ಬೆಳಗಾವಿ, ಧಾರವಾಡ, ಹುಬ್ಬಳ್ಳಿಗಳ ಫಲಕಗಳಲ್ಲಿದ್ದ ಈ ಮಾತು ಮೊಬೈಲಿನ ಮೂಲಕ ನಮ್ಮ ಅಡುಗೆಮನೆಗೇ ಬಂದಿದೆ. ಲೇಸರ್ ಬೇಡ ಎನ್ನಲು ನಾನು ಇದನ್ನು ಬರೆಯುತ್ತಿಲ್ಲ. ಅದಕ್ಕೆ ಮುಂಗಡ ರೊಕ್ಕ ಕಟ್ಟುವ ಮುನ್ನ ಒಬ್ಬ ಚರ್ಮರೋಗ ತಜ್ಞರಿಗೆ ತೋರಿಸಿ ಎಂದು ಕೇಳಿಕೊಳ್ಳಲು ಬರೆಯುತ್ತಿದ್ದೇನೆ.

ಇದೆಲ್ಲ ಬರೀ ಶೋಕಿ ಎನ್ನುವವರಿಗೆ ಒಂದು ಮಾತು. ಗದ್ದದ ಮೇಲೆ ದಪ್ಪ ಕೂದಲು ಬರುವ ಹುಡುಗಿಯ ದಿನಚರಿ ನೋಡಿದ್ದೀರಾ? ವಾರಕ್ಕೊಮ್ಮೆ ಥ್ರೆಡಿಂಗ್, ನಡುವೆ ಬಚ್ಚಲುಮನೆಯಲ್ಲಿ ಕದ್ದು ರೇಜರ್, ಕಾಲೇಜಿನ ಬಸ್ಸಿನಲ್ಲಿ ಕಿಟಕಿಯ ಬೆಳಕು ಬೀಳದ ಕಡೆ ಕೂಡುವುದು, ಮಾತಾಡುವಾಗ ಬೆರಳು ತಾನಾಗಿಯೇ ಗದ್ದಕ್ಕೆ ಹೋಗುವುದು. ಕನ್ಯೆ ನೋಡಲು ಬರುವವರಿದ್ದಾರೆಂದರೆ ಎರಡು ದಿನ ಮೊದಲೇ ಕೈಕಾಲು ತಣ್ಣಗಾಗುವುದು. ಈ ಹುಡುಗಿಗೆ ಲೇಸರ್ ನಿಜವಾಗಿಯೂ ನೆಮ್ಮದಿ ಕೊಡಬಲ್ಲದು. ಆದ್ದರಿಂದಲೇ ಅವಳ ಅವಸರವನ್ನು ಯಾರೂ ವ್ಯಾಪಾರ ಮಾಡಿಕೊಳ್ಳಬಾರದು.

ಮೊದಲು ಯಂತ್ರದ ಕೆಲಸ ತಿಳಿದುಕೊಳ್ಳೋಣ. ಜಗತ್ತಿನ ಮೊದಲ ಲೇಸರನ್ನು ಥಿಯೋಡರ್ ಮೈಮನ್ 1960ರಲ್ಲಿ ಮಾಣಿಕ್ಯದ ಹರಳಿನಿಂದ ಹೊರಡಿಸಿದರು. 1983ರಲ್ಲಿ ಅಮೆರಿಕದ ಚರ್ಮವೈದ್ಯರಾದ ರಾಕ್ಸ್ ಆಂಡರ್ಸನ್ ಮತ್ತು ಜಾನ್ ಪ್ಯಾರಿಷ್ ಒಂದು ತತ್ವವನ್ನು ಪ್ರಕಟಿಸಿದರು. ಸರಿಯಾದ ಬಣ್ಣದ ಬೆಳಕನ್ನು ಸರಿಯಾದಷ್ಟು ಹೊತ್ತು ಮಾತ್ರ ಹಾಯಿಸಿದರೆ, ಆ ಬೆಳಕನ್ನು ಹೀರುವ ವಸ್ತುವಷ್ಟೇ ಸುಡುತ್ತದೆ, ಅಕ್ಕಪಕ್ಕದ ಚರ್ಮ ಉಳಿಯುತ್ತದೆ ಎಂಬುದೇ ಆ ತತ್ವ. ಕೂದಲಿನ ವಿಷಯದಲ್ಲಿ ಆ ವಸ್ತು ಮೆಲನಿನ್ ಎಂಬ ಕಪ್ಪು ಬಣ್ಣ. ಬೆಳಕು ಕೂದಲಿನ ಕಪ್ಪಿಗೆ ತಾಗಿ ಕಾವಾಗುತ್ತದೆ, ಕಾವು ಬೇರಿಗಿಳಿದು ಬೇರನ್ನು ಬೇಯಿಸುತ್ತದೆ.

ಸಮಸ್ಯೆ ಇರುವುದೂ ಇಲ್ಲಿಯೇ. ಅದೇ ಕಪ್ಪು ನಮ್ಮ ಚರ್ಮದಲ್ಲೂ ಇದೆ. ಬಿಳಿ ಚರ್ಮ, ಕಪ್ಪು ಕೂದಲಿನವರಿಗೆ ಈ ಚಿಕಿತ್ಸೆ ಸಲೀಸು. ಎಣ್ಣೆಗಪ್ಪು, ಗೋಧಿ ಬಣ್ಣದ ನಮ್ಮ ಮಂದಿಗೆ ಲೆಕ್ಕ ತಪ್ಪಿದರೆ ಬೇರಿಗಿಂತ ಮೊದಲು ಮೇಲ್ಚರ್ಮವೇ ಸುಡುತ್ತದೆ. ಬೆಳಕಿನ ತರಂಗ ಉದ್ದವಾದಷ್ಟೂ ಅದು ಮೇಲ್ಚರ್ಮದ ಕಪ್ಪನ್ನು ದಾಟಿ ಆಳಕ್ಕೆ ಇಳಿಯುತ್ತದೆ. ಅಲೆಕ್ಸಾಂಡ್ರೈಟ್ ಲೇಸರಿನ ತರಂಗ 755 ನ್ಯಾನೋಮೀಟರ್, ಡಯೋಡಿನದು 800ರ ಆಸುಪಾಸು, ಎನ್‌ಡಿ-ಯಾಗ್ ಎಂಬುದರದು 1064. ಹೆಚ್ಚು ಕಪ್ಪಿರುವ ಚರ್ಮಕ್ಕೆ ಈ ಕೊನೆಯದೇ ಹೆಚ್ಚು ಸುರಕ್ಷಿತ ಎಂಬುದು ಚರ್ಮವೈದ್ಯರು ಒಪ್ಪಿದ ಮಾತು. ಐಪಿಎಲ್ ಎಂದು ಕರೆಯುವ ಯಂತ್ರವಂತೂ ಲೇಸರೇ ಅಲ್ಲ. ಹಲವು ತರಂಗಗಳ ಬೆಳಕನ್ನು ಒಟ್ಟಿಗೆ ಚೆಲ್ಲುವ ಪ್ರಬಲ ಫ್ಲ್ಯಾಶ್ ಅದು. ಆದರೂ ಲೇಸರ್ ಎಂಬ ಹೆಸರಿನಲ್ಲೇ ಅದನ್ನು ಮಾರುವವರಿದ್ದಾರೆ. ಆನ್‌ಲೈನಿನಲ್ಲಿ ತರಿಸುವ ಮನೆಬಳಕೆಯ ಯಂತ್ರಗಳಲ್ಲಿ ಬಹುಪಾಲು ಇದೇ ಜಾತಿಯವು. ಡಬ್ಬಿಯ ಮೇಲಿನ ಚರ್ಮದ ಬಣ್ಣಗಳ ಪಟ್ಟಿಯನ್ನು ಒಮ್ಮೆ ನೋಡಿ. ಕೊನೆಯ ಕಪ್ಪು ಚೌಕಕ್ಕೆ ಅಡ್ಡಗೆರೆ ಎಳೆದಿರುತ್ತಾರೆ. ಆ ಗೆರೆ ನಮ್ಮಲ್ಲಿ ಎಷ್ಟೋ ಮಂದಿಯನ್ನು ಹೊರಗಿಡುತ್ತದೆ.

ಇನ್ನು "ಶಾಶ್ವತ" ಎಂಬ ಮಾತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಯಂತ್ರಗಳಿಗೆ ಒಪ್ಪಿಗೆ ಕೊಟ್ಟದ್ದು ಕೂದಲನ್ನು ಬಹುಕಾಲ ಕಡಿಮೆ ಮಾಡುತ್ತವೆ ಎಂಬ ಅರ್ಥದಲ್ಲಿ, ಪೂರ್ತಿ ಇಲ್ಲವಾಗಿಸುತ್ತವೆ ಎಂದಲ್ಲ. ನಮ್ಮ ಮೈಮೇಲಿನ ಕೂದಲೆಲ್ಲ ಒಂದೇ ಸಲ ಬೆಳೆಯುವುದಿಲ್ಲ. ಕೆಲವು ಬೆಳೆಯುತ್ತಿರುತ್ತವೆ, ಕೆಲವು ಮಲಗಿರುತ್ತವೆ. ಬೆಳೆಯುತ್ತಿರುವವಕ್ಕೆ ಮಾತ್ರ ಲೇಸರ್ ಚೆನ್ನಾಗಿ ತಾಗುತ್ತದೆ. ಆದ್ದರಿಂದಲೇ ನಾಲ್ಕರಿಂದ ಎಂಟು ವಾರಕ್ಕೊಮ್ಮೆ ಆರೆಂಟು ಸಿಟ್ಟಿಂಗ್ ಬೇಕು, ಆಮೇಲೂ ವರ್ಷಕ್ಕೆ ಒಂದೆರಡು ಬೇಕಾಗಬಹುದು. ಅಕ್ಷತೆಗೆ ಇಪ್ಪತ್ತು ದಿನ ಇರುವಾಗ ಶುರು ಮಾಡಿದರೆ ಏನೂ ಸಾಧಿಸಿದಂತಾಗುವುದಿಲ್ಲ. ನೆರೆತ ಕೂದಲಿಗಂತೂ ಕಪ್ಪೇ ಇಲ್ಲದ್ದರಿಂದ ಲೇಸರ್ ನಾಟುವುದೇ ಇಲ್ಲ. ಸಿಟ್ಟಿಂಗಿಗೆ ಹಿಂದಿನ ನಾಲ್ಕು ವಾರ ಥ್ರೆಡಿಂಗ್, ವ್ಯಾಕ್ಸಿಂಗ್ ಮಾಡಿಸಬಾರದು. ಬೇರನ್ನೇ ಕಿತ್ತ ಮೇಲೆ ಬೆಳಕು ಯಾವುದಕ್ಕೆ ತಾಗಬೇಕು? ಬೋಳಿಸಿಕೊಂಡು ಹೋಗಬೇಕು, ಅಷ್ಟೇ. ಇಷ್ಟನ್ನೂ ಹೇಳದೆ ಮೊದಲ ದಿನವೇ ಮಂಚ ಹತ್ತಿಸುವವರಿಗೆ ಕೆಲಸ ಗೊತ್ತಿಲ್ಲ, ಇಲ್ಲವೇ ನಿಮ್ಮ ರೊಕ್ಕದ ಚಿಂತೆಯಿಲ್ಲ.

ಬಿಸಿಲಿನ ಮಾತು ನಮ್ಮ ಸೀಮೆಗೆ ಇನ್ನೂ ಮುಖ್ಯ. ಬಿಸಿಲಿಗೆ ಕಪ್ಪಾದ ಚರ್ಮದ ಮೇಲೆ ಲೇಸರ್ ಹಾಯಿಸಿದರೆ ಸುಡುವ ಸಾಧ್ಯತೆ ಹೆಚ್ಚು, ಹಾಯಿಸಿದ ಮೇಲೆ ಬಿಸಿಲಿಗೆ ಹೋದರೆ ಕಪ್ಪು ಕಲೆ ಉಳಿಯುವ ಸಾಧ್ಯತೆ ಹೆಚ್ಚು. ಜಾಹೀರಾತಿನ ಹುಡುಗಿ ಎಸಿ ಕೋಣೆಯಲ್ಲಿರುತ್ತಾಳೆ. ನಮ್ಮ ಹುಡುಗಿ ರಜೆಯಲ್ಲಿ ಹತ್ತಿ ಬಿಡಿಸಲು ಹೊಲಕ್ಕೆ ಹೋಗುತ್ತಾಳೆ, ಕಬ್ಬಿನ ಹೊಲಕ್ಕೆ ಬುತ್ತಿ ಒಯ್ಯುತ್ತಾಳೆ, ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡ ಹತ್ತುತ್ತಾಳೆ. ಅವಳಿಗೆ ಯಾವ ತಿಂಗಳಲ್ಲಿ ಚಿಕಿತ್ಸೆ ಶುರು ಮಾಡಬೇಕು ಎಂಬುದನ್ನು ಅವಳ ದುಡಿಮೆ ಕೇಳಿ ತಿಳಿದೇ ತೀರ್ಮಾನಿಸಬೇಕು. ಈ ಪ್ರಶ್ನೆ ಕೇಳದ ಕ್ಲಿನಿಕ್ಕಿನಲ್ಲಿ ಮುಂದೆ ಮಾತಾಡಬೇಡಿ.

ನನಗೆ ಎಲ್ಲಕ್ಕಿಂತ ದೊಡ್ಡದೆನಿಸುವುದು ಮತ್ತೊಂದು ಪ್ರಶ್ನೆ. ಕೂದಲು ಯಾಕೆ ಬಂತು?

"ಅವರ ಅಜ್ಜಿಗೂ ಹಿಂಗ ಇತ್ತರೀ" ಎಂದು ಮನೆಯವರು ಮಾತು ಮುಗಿಸುತ್ತಾರೆ. ಮನೆತನದಿಂದ ಬಂದಿರಬಹುದು, ಸುಳ್ಳಲ್ಲ. ಆದರೆ ತಿಂಗಳ ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಬರುತ್ತಿದ್ದು, ಮೊಡವೆ, ತೂಕ ಹೆಚ್ಚುತ್ತಿದ್ದು, ಜೊತೆಗೆ ಗದ್ದ, ಮೇಲ್ದುಟಿ, ಎದೆಯ ಮೇಲೆ ದಪ್ಪ ಕೂದಲು ಮೂಡಿದರೆ ಅದು ಪಿಸಿಓಎಸ್ ಎಂಬ ಹಾರ್ಮೋನಿನ ಏರುಪೇರು ಆಗಿರಬಹುದು. ಹೆರುವ ವಯಸ್ಸಿನ ನೂರು ಹೆಣ್ಣುಮಕ್ಕಳಲ್ಲಿ 10ರಿಂದ 13 ಮಂದಿಗೆ ಇದು ಇರುತ್ತದೆಂದೂ, ಇದ್ದವರಲ್ಲಿ ಶೇಕಡಾ 70ರವರೆಗೆ ಅದು ಪತ್ತೆಯೇ ಆಗಿರುವುದಿಲ್ಲವೆಂದೂ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇದು ಮುಂದೆ ಸಕ್ಕರೆ ಕಾಯಿಲೆಗೆ, ಬಸಿರಾಗುವ ತೊಂದರೆಗೆ ದಾರಿಯಾಗಬಲ್ಲದು. ಒಳಗಿನ ಹಾರ್ಮೋನು ಹಾಗೇ ಇದ್ದರೆ ಲೇಸರ್ ಸುಟ್ಟ ಬೇರಿನ ಪಕ್ಕದಲ್ಲಿ ಹೊಸ ಕೂದಲು ದಪ್ಪವಾಗುತ್ತಲೇ ಹೋಗುತ್ತದೆ, ಹುಡುಗಿ ಮತ್ತೊಂದು ಪ್ಯಾಕೇಜ್ ಕೊಳ್ಳುತ್ತಲೇ ಇರುತ್ತಾಳೆ. ಕೆಲವೇ ತಿಂಗಳಲ್ಲಿ ಒಮ್ಮೆಲೇ ಕೂದಲು ಹೆಚ್ಚಿ ದನಿಯೂ ಗಡುಸಾದರೆ ಒಂದು ದಿನವೂ ತಡ ಮಾಡಬೇಡಿ, ಗಡ್ಡೆ ಇರಬಹುದು. ಬೈಲಹೊಂಗಲ, ಸವದತ್ತಿ, ರಾಮದುರ್ಗದ ತಾಲೂಕು ಆಸ್ಪತ್ರೆಗಳಿಂದಲೇ ಈ ತಪಾಸಣೆ ಶುರು ಮಾಡಬಹುದು.

ಎರಡನೇ ಕಾರಣ ನಮ್ಮ ಕಪಾಟಿನಲ್ಲೇ ಕುಳಿತಿದೆ. ಬೆಳ್ಳಗಾಗಲೆಂದು ಔಷಧ ಅಂಗಡಿಯಲ್ಲಿ ಚೀಟಿಯಿಲ್ಲದೆ ತರುವ ಟ್ಯೂಬ್. ಅದರ ಮೇಲಿನ ಸಣ್ಣ ಅಕ್ಷರ ಓದಿ. ಬೆಟಾಮೆಥಾಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್ ಎಂದಿದ್ದರೆ ಅದು ಸ್ಟಿರಾಯ್ಡ್. ತಿಂಗಳುಗಟ್ಟಲೆ ಹಚ್ಚಿದರೆ ಮೊದಲು ಮುಖ ಹೊಳೆಯುತ್ತದೆ, ಆಮೇಲೆ ಚರ್ಮ ತೆಳ್ಳಗಾಗಿ ಕೆಂಪಾಗುತ್ತದೆ, ಮೊಡವೆ ಏಳುತ್ತದೆ, ಮುಖದ ಮೇಲೆ ಕೂದಲು ಬೆಳೆಯುತ್ತದೆ. ಇಂಥ 14 ಬಗೆಯ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲೇ ಆದೇಶಿಸಿತು. ಆದರೂ ಮಾರಾಟ ನಿಂತಿಲ್ಲ. ಮುಲಾಮು ತಂದ ಕೂದಲನ್ನು ತೆಗೆಯಲು ತೆಳುವಾದ ಚರ್ಮದ ಮೇಲೆ ಲೇಸರ್ ಹಾಯಿಸಿದರೆ ಪರಿಣಾಮ ಏನೆಂದು ಬಿಡಿಸಿ ಹೇಳಬೇಕಿಲ್ಲ. ಔಷಧ ಅಂಗಡಿಯ ಅಣ್ಣಂದಿರೇ, ಆ ಟ್ಯೂಬನ್ನು ಚೀಟಿ ಕೇಳದೆ ಕೌಂಟರ್ ಮೇಲೆ ಇಡಬೇಡಿ. ನಿಮ್ಮ ಮನೆಯಲ್ಲೂ ಹೆಣ್ಣುಮಕ್ಕಳಿದ್ದಾರೆ.

ಅಪಾಯಗಳನ್ನೂ ಮುಚ್ಚಿಡಬಾರದು. ಸಿಟ್ಟಿಂಗ್ ಮುಗಿದ ಮೇಲೆ ಕೂದಲಿನ ಬುಡದ ಸುತ್ತ ಕೆಂಪಾಗಿ ಸಣ್ಣಗೆ ಊದಿಕೊಳ್ಳುವುದು ಸಹಜ, ಒಂದೆರಡು ದಿನದಲ್ಲಿ ಇಳಿಯುತ್ತದೆ. ಗುಳ್ಳೆ ಬರುವುದು ಸಹಜವಲ್ಲ. ಕೆಲವರಿಗೆ, ಅದರಲ್ಲೂ ದಕ್ಷಿಣ ಏಷ್ಯಾದ ಹೆಣ್ಣುಮಕ್ಕಳ ಮುಖದಲ್ಲಿ, ಲೇಸರ್ ಮಾಡಿದ ಜಾಗದ ಸುತ್ತ ಕೂದಲು ಮೊದಲಿಗಿಂತ ಹೆಚ್ಚುವುದೂ ಉಂಟು. ಕಣ್ಣಿಗೆ ಕನ್ನಡಕ ಹಾಕದೆ ಹುಬ್ಬಿನ ಹತ್ತಿರ ಹಾಯಿಸಿದರೆ ದೃಷ್ಟಿಗೇ ಸಂಚಕಾರ. ಅಮೆರಿಕದಲ್ಲಿ ಇಬ್ಬರು ಯುವತಿಯರು ಲೇಸರಿಗೆ ಮುನ್ನ ಕಾಲಿಗೆಲ್ಲ ಜೋಮು ಹಿಡಿಸುವ ಮುಲಾಮು ಹಚ್ಚಿ, ಮೇಲೆ ಪ್ಲಾಸ್ಟಿಕ್ ಸುತ್ತಿಕೊಂಡು ಪ್ರಾಣ ಕಳೆದುಕೊಂಡ ಮೇಲೆ 2007ರಲ್ಲಿ ಎಫ್‌ಡಿಎ ಎಚ್ಚರಿಕೆ ಹೊರಡಿಸಿತು. ನೋವಾಗದಿರಲಿ ಎಂದು ಯಾರಾದರೂ ಮನೆಯಲ್ಲೇ ಹಚ್ಚಿಕೊಂಡು ಬನ್ನಿ ಎಂದು ಟ್ಯೂಬ್ ಕೊಟ್ಟರೆ ಅದನ್ನು ವಾಪಸ್ ಕೊಟ್ಟುಬಿಡಿ.

ಪಾರ್ಲರ್ ನಡೆಸುವ ಅಕ್ಕಂದಿರಲ್ಲಿ ವಿಶೇಷವಾಗಿ ಕೇಳಿಕೊಳ್ಳುತ್ತೇನೆ. ಗಂಡನ ಕೈ ನೋಡದೆ, ಬಾಡಿಗೆ ಮಳಿಗೆಯಲ್ಲಿ ಕುರ್ಚಿ ಹಾಕಿ, ಹಲ್ಲಿನಲ್ಲಿ ದಾರ ಕಚ್ಚಿ ಬದುಕು ಕಟ್ಟಿಕೊಂಡವರು ನೀವು. ನಿಮ್ಮ ಹೊಟ್ಟೆಯ ಮೇಲೆ ಹೊಡೆಯುವ ಮಾತು ಇದಲ್ಲ. ಆದರೆ ಸಾಲದ ಮೇಲೆ ಯಂತ್ರ ಕೊಡಿಸುತ್ತೇನೆ, ಒಂದು ದಿನದ ತರಬೇತಿಯಲ್ಲಿ ಕಲಿಸಿಬಿಡುತ್ತೇನೆ ಎಂದು ಬರುವ ಏಜೆಂಟನನ್ನು ನಂಬಬೇಡಿ. ಚರ್ಮದ ಬಣ್ಣಕ್ಕೆ ತಕ್ಕಂತೆ ಶಾಖ ಎಷ್ಟು, ಹೊತ್ತು ಎಷ್ಟು ಎಂದು ತೀರ್ಮಾನಿಸುವುದು ಒಂದು ದಿನದ ವಿದ್ಯೆಯಲ್ಲ. ನಾಳೆ ಒಂದು ಮುಖ ಸುಟ್ಟರೆ ಏಜೆಂಟನ ಫೋನು ಸ್ವಿಚ್ ಆಫ್ ಆಗುತ್ತದೆ, ಊರಿನಲ್ಲಿ ಉಳಿಯುವವರು ನೀವು. ಅದರ ಬದಲು ನೀವು ಮಾಡಬಹುದಾದ ಕೆಲಸ ಬೇರೆಯಿದೆ. ವಾರವಾರ ನಿಮ್ಮ ಕುರ್ಚಿಯಲ್ಲಿ ಕೂಡುವ ಹುಡುಗಿಯ ಗದ್ದದಲ್ಲಿ ಕೂದಲು ಹೆಚ್ಚುತ್ತಿರುವುದು ಡಾಕ್ಟರಿಗಿಂತ ಮೊದಲು ಕಾಣುವುದು ನಿಮಗೆ. "ತಂಗಿ, ಮುಟ್ಟು ಸರಿಯಾಗಿ ಬರತೈತೇನು? ಒಮ್ಮೆ ತೋರಿಸ್ಕೊಂಡು ಬಾ" ಎಂದು ಕಿವಿಯಲ್ಲಿ ಹೇಳಿ. ಆ ಒಂದು ಮಾತು ಯಾವ ಯಂತ್ರಕ್ಕಿಂತಲೂ ದೊಡ್ಡ ಉಪಕಾರ.

ಕಾಗದಪತ್ರದ ವಿಷಯ ಸ್ವಲ್ಪ ಬೇಸರದ್ದು, ಆದರೂ ಓದಿ. ನಮ್ಮ ರಾಜ್ಯದಲ್ಲಿ ಖಾಸಗಿ ಕ್ಲಿನಿಕ್ಕುಗಳು ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007ರ ಅಡಿ ನೋಂದಣಿ ಮಾಡಿಸಬೇಕು. ಕೆಪಿಎಂಇ ನೋಂದಣಿ ಸಂಖ್ಯೆ ಗೋಡೆಯ ಮೇಲೆ ಕಾಣಬೇಕು. ಕಾಣದಿದ್ದರೆ ಕೇಳಿ. ಯಂತ್ರ ಯಾವುದು, ಅದನ್ನು ಹಿಡಿಯುವವರು ಯಾರು, ಮೇಲೆ ನೋಡುವ ವೈದ್ಯರು ಅಲ್ಲೇ ಇರುತ್ತಾರೋ ಅಥವಾ ಫಲಕದ ಮೇಲೆ ಮಾತ್ರವೋ ಎಂದೂ ಕೇಳಿ. ಮೊದಲು ಕಿವಿಯ ಕೆಳಗೆ ಒಂದು ಸಣ್ಣ ಜಾಗದಲ್ಲಿ ಹಾಯಿಸಿ ನೋಡಲು ಹೇಳಿ. ಆರು ಸಿಟ್ಟಿಂಗಿನ ರೊಕ್ಕ ಒಟ್ಟಿಗೆ ಕೊಡಬೇಡಿ, ಆಯಾ ದಿನದ್ದನ್ನು ಆಯಾ ದಿನ ಕೊಟ್ಟು ಬಿಲ್ ಪಡೆಯಿರಿ. ಕಂತು ಎಂದರೆ ಬಹಳ ಸಲ ನಿಮ್ಮ ಹೆಸರಿನಲ್ಲಿ ಫೈನಾನ್ಸ್ ಕಂಪನಿ ಕೊಡುವ ಸಾಲ, ಕ್ಲಿನಿಕ್ ಬಾಗಿಲು ಹಾಕಿದರೂ ಕಂತು ನಿಲ್ಲುವುದಿಲ್ಲ. ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಬೆಳಗಾವಿಯ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ದೂರು ಕೊಡಬಹುದು. ಕ್ಲಿನಿಕ್ ಮೇಲಿನ ದೂರಿಗೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಕೆಪಿಎಂಇ ಪ್ರಾಧಿಕಾರವಿದೆ. ಜಿಲ್ಲಾ ಆರೋಗ್ಯಾಧಿಕಾರಿಗಳೇ, ಹಳ್ಳಿ ಡಾಕ್ಟರರ ಮೇಲೆ ನಡೆಸುವ ದಾಳಿಯ ಜೊತೆಗೆ ಸೌಂದರ್ಯ ಕ್ಲಿನಿಕ್ಕುಗಳನ್ನೂ ಒಮ್ಮೆ ನೋಡಿ.

ಹೆಣ್ಣಿನ ಕೂದಲು ನೋಡಿ ಅವಳ ಬಾಳನ್ನು ಬೇರೆಯವರು ತೀರ್ಮಾನಿಸುವುದು ಸವದತ್ತಿ ಸೀಮೆಗೆ ಹೊಸದಲ್ಲ. ತಲೆಯಲ್ಲಿ ಜಟೆ ಕಂಡರೆ ಎಲ್ಲವ್ವ ಕರೆದಳೆಂದು ಹುಡುಗಿಯನ್ನು ಮುತ್ತು ಕಟ್ಟಿ ದೇವದಾಸಿಯಾಗಿ ಬಿಡುತ್ತಿದ್ದ ಕಾಲವಿತ್ತು. 1982ರ ದೇವದಾಸಿ ನಿಷೇಧ ಕಾಯ್ದೆ ಬಂದು, ಊರೂರು ತಿರುಗಿ ಜಟೆ ಕತ್ತರಿಸಿದವರ ದುಡಿಮೆಯಿಂದ ಅದು ಬಹುಮಟ್ಟಿಗೆ ಹಿಂದೆ ಸರಿಯಿತು. ಈಗ ಗದ್ದದ ನಾಲ್ಕು ಕೂದಲು ನೋಡಿ ಸಂಬಂಧ ಮುರಿಯುವ ಗಂಡಿನ ಕಡೆಯವರಿಗೆ ಏನು ಹೇಳಬೇಕು? ನಿಮ್ಮ ಮನೆಗೆ ಬರುವ ಸೊಸೆಯ ಮುಖದಲ್ಲಿ ಕೂದಲಿದ್ದರೆ ಅದು ಅವಳ ಗುಣದ ದೋಷವಲ್ಲ. ನೋಡಲು ಬಂದಾಗ ಆ ಮಾತು ಎತ್ತಬೇಡಿ.

ಹುಡುಗಿಯರೇ, ಬೆಳಗಾವಿಯ ಬಿಮ್ಸ್ ಆಸ್ಪತ್ರೆಯಲ್ಲಿ, ಹುಬ್ಬಳ್ಳಿಯಲ್ಲಿ ಮೊದಲು ಕಿಮ್ಸ್ ಎನ್ನುತ್ತಿದ್ದ ಕೆಎಂಸಿಆರ್‌ಐ‌ನಲ್ಲಿ ಚರ್ಮರೋಗ ವಿಭಾಗವಿದೆ, ಎರಡೂ ಸರ್ಕಾರದವು. ಕಿತ್ತೂರು ಹೆದ್ದಾರಿಯ ಮೇಲೇ ಇದೆ, ಎರಡೂ ಕಡೆಗೆ ಬಸ್ಸು ಸಿಗುತ್ತದೆ. ಉಳಿದ ಮೂರು ಊರಿನಿಂದಲೂ ಬೆಳಗಾವಿ ಬಸ್ಸಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ರೊಕ್ಕವಿಲ್ಲ. ಆಧಾರ್ ಕಾರ್ಡ್ ಇಟ್ಟುಕೊಳ್ಳಿ, ಹಚ್ಚಿದ ಟ್ಯೂಬುಗಳನ್ನೂ ಚೀಲಕ್ಕೆ ಹಾಕಿಕೊಳ್ಳಿ, ಅವ್ವನನ್ನೋ ಗೆಳತಿಯನ್ನೋ ಕರೆದುಕೊಂಡು ಒಂದು ದಿನ ಹೋಗಿ ತೋರಿಸಿ ಬನ್ನಿ. ಲೇಸರ್ ಬೇಕೋ ಬೇಡವೋ ಎಂಬುದನ್ನು ಆಮೇಲೆ ತೀರ್ಮಾನಿಸಿ.