ಹದ ಗೊತ್ತಿಲ್ಲದ ಪದವೀಧರರು



ಈ ಸಂಚಿಕೆಯಲ್ಲಿ ನಾವು ಬರೆಯುತ್ತಿರುವುದು ಕೆಲವರಿಗೆ ಹಿಡಿಸಲಿಕ್ಕಿಲ್ಲ. ಯುಗಾದಿ ಊಟ ಚೆನ್ನಾಗಿತ್ತು, ನಾಟಕ ಚೆನ್ನಾಗಿತ್ತು ಎಂದು ಬರೆದು ಪುಟ ತುಂಬಿಸುವುದು ಸುಲಭ. ಆದರೆ ಯೂನಿವರ್ಸಿಟಿ ಸೇರಿರುವ ನಮ್ಮ ಮಕ್ಕಳಿಗೆ ಸಂಘದ ವತಿಯಿಂದ ಭಾನುವಾರಗಳಲ್ಲಿ ಓದಿಗೆ ನೆರವಾಗುತ್ತಿರುವ ನಾವು ನಾಲ್ಕೈದು ಜನ ಒಂದು ಮಾತನ್ನು ಬಹಳ ದಿನದಿಂದ ನುಂಗಿಕೊಂಡಿದ್ದೇವೆ.

ಮೊದಲ ವರ್ಷದ ಹುಡುಗನೊಬ್ಬ ಎರಡು ಸಾವಿರ ಪದಗಳ ಪ್ರಬಂಧ ಹಿಡಿದುಕೊಂಡು ಬಂದ. "ಹೇಗೆ ಬಂದಿದೆಯಪ್ಪಾ?" ಎಂದು ಕೇಳಿದೆವು. "ಗೊತ್ತಿಲ್ಲ ಅಂಕಲ್, ಮಾರ್ಕ್ಸ್ ಬಂದ ಮೇಲೆ ಹೇಳ್ತೀನಿ" ಎಂದ. ತಮಾಷೆಗೆ ಹೇಳಿದ್ದಲ್ಲ. ಯಾವ ಪ್ಯಾರಾ ಗಟ್ಟಿ, ಯಾವುದು ಜಾಳು ಎಂದು ಕೇಳಿದರೆ ಮಿಕಮಿಕ ನೋಡಿದ. ಹುಡುಗ ದಡ್ಡನಲ್ಲ, ಶಾಲೆಯಲ್ಲಿ ಬಹುಮಾನ ತೆಗೆದುಕೊಂಡವನು. ಆದರೆ ಹನ್ನೆರಡು ವರ್ಷವೂ ಅವನು ಬರೆದದ್ದು ಚೆನ್ನಾಗಿದೆಯೋ ಇಲ್ಲವೋ ಎಂದು ತೀರ್ಮಾನಿಸಿದವರು ಬೇರೆಯವರು. ಟೀಚರು, ಟ್ಯೂಷನ್ನಿನವರು, ರಾತ್ರಿ ಹನ್ನೊಂದಕ್ಕೆ ಕನ್ನಡಕ ಏರಿಸಿ ತಿದ್ದುವ ಅಪ್ಪ.

ಅಡುಗೆಮನೆಯಲ್ಲಿ ನಮ್ಮ ಅಮ್ಮಂದಿರು ಹೀಗೆ ಕಲಿಸಿದರೇ? ಮೈಸೂರು ಪಾಕಿಗೆ ಪಾಕ ಇಟ್ಟಾಗ ಹತ್ತಕ್ಕೆ ಏಳು ಎಂದು ಅಂಕ ಕೊಡಲಿಲ್ಲ. ಎರಡು ಬೆರಳ ನಡುವೆ ಪಾಕ ಹಿಡಿದು, ಬಿಡಿಸಿ, "ನೋಡು, ಎಳೆ ಬಂತು, ಈಗ ಹಿಟ್ಟು ಹಾಕು" ಎಂದರು. ನಾಲ್ಕನೆಯ ಸಲ ನಾವೇ ಬೆರಳಿಟ್ಟು ನೋಡಿದೆವು. ಒಂದೆರಡು ಸಲ ಕಲ್ಲಾಯಿತು, ಅದನ್ನೂ ತಿಂದೆವು. ಸಂಗೀತದ ಮೇಷ್ಟ್ರೂ ಅಷ್ಟೇ, ಅಪಸ್ವರ ಬಂದ ಕೂಡಲೇ ತಿದ್ದದೆ "ನಿನಗೇ ಕೇಳಿಸಿತೇ?" ಎಂದು ಕೇಳುತ್ತಿದ್ದರು. ಇದಕ್ಕೆಲ್ಲ ನಮ್ಮಲ್ಲಿ ಹದ ಎನ್ನುವ ಎರಡಕ್ಷರದ ಮಾತಿದೆ.

ಇದೇ ಮಾತನ್ನು ಶಾಸ್ತ್ರವಾಗಿ ಹೇಳಿದವರು ನಮ್ಮೂರಿನಲ್ಲೇ ಇದ್ದರು. ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿದ್ದ ರಾಯ್ಸ್ ಸ್ಯಾಡ್ಲರ್ 1989ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಒಂದು ಪ್ರಶ್ನೆ ಎತ್ತಿದರು: ಮೇಷ್ಟ್ರು ಸರಿಯಾಗಿಯೇ ತಿದ್ದಿ ಕೊಟ್ಟರೂ ವಿದ್ಯಾರ್ಥಿ ಎಷ್ಟೋ ಸಲ ಮುಂದೆ ಹೋಗುವುದಿಲ್ಲ, ಏಕೆ? ಒಳ್ಳೆಯದು ಎಂದರೆ ಹೇಗಿರುತ್ತದೆ ಎಂಬುದು ವಿದ್ಯಾರ್ಥಿಗೂ ಹೆಚ್ಚುಕಡಿಮೆ ಮೇಷ್ಟ್ರಿಗೆ ತಿಳಿದಷ್ಟೇ ತಿಳಿದಿರಬೇಕು, ತನ್ನದನ್ನು ಅದರ ಪಕ್ಕ ಇಟ್ಟು ನೋಡಬೇಕು, ನಡುವಿನ ಅಂತರ ಮುಚ್ಚುವ ದಾರಿ ಗೊತ್ತಿರಬೇಕು, ಅದೂ ಬರೆಯುತ್ತಿರುವಾಗಲೇ, ಎಂದರು.

1970ರ ರ‍್ಯಾಡ್‌ಫರ್ಡ್ ವರದಿಯ ನಂತರ ಈ ರಾಜ್ಯದಲ್ಲಿ ಪಬ್ಲಿಕ್ ಪರೀಕ್ಷೆಗಳು ನಿಂತು ದಶಕಗಳ ಕಾಲ ಶಿಕ್ಷಕರೇ ಮೌಲ್ಯಮಾಪನ ಮಾಡಿದರು. (2020ರ ಬ್ಯಾಚಿನಿಂದ ಹೊರಗಿನ ಪರೀಕ್ಷೆ ಮತ್ತೆ ಬಂದಿದೆ.) ಬೇರೆ ಬೇರೆ ಶಾಲೆಗಳ ಶಿಕ್ಷಕರು ಒಟ್ಟಿಗೆ ಕೂತು, ಮಕ್ಕಳ ಬರಹಗಳನ್ನು ಪಕ್ಕಪಕ್ಕ ಇಟ್ಟು ನೋಡುತ್ತಿದ್ದರು. ನೂರಾರು ಬರಹ ನೋಡಿ ಶಿಕ್ಷಕರ ಕಣ್ಣು ಪಳಗಿತು. ವಿದ್ಯಾರ್ಥಿ ನೋಡಿದ್ದು ಒಂದೇ, ತನ್ನದು. ಅವನಿಗೆ ಹದ ಗೊತ್ತಿಲ್ಲ ಎಂದು ಬೈಯುವುದು ಯಾವ ನ್ಯಾಯ?

ಕಾಲೇಜಿನವರು ಒಂದು ಕೋಷ್ಟಕ ಕೊಡುತ್ತಾರೆ. "ವಿಮರ್ಶಾತ್ಮಕ ಚಿಂತನೆ: ಉತ್ತಮ" ಎಂದು ಅದರಲ್ಲಿರುತ್ತದೆ. ಉತ್ತಮ ಎಂದರೆ ಯಾವುದು? ಪಾಕ ಕಾಣದವನ ಕೈಗೆ ಪಾಕದ ಪಟ್ಟಿ ಕೊಟ್ಟ ಹಾಗೆ. ಸೆಮಿಸ್ಟರ್ ಮುಗಿದ ಮೇಲೆ ಎರಡು ಸಾಲಿನ ಟಿಪ್ಪಣಿ ಬರುತ್ತದೆ, ಯಾರೂ ತೆರೆಯುವುದಿಲ್ಲ. ಹೋದ ವರ್ಷದ ಮೂರು ಪ್ರಬಂಧಗಳನ್ನು ಹೆಸರು ತೆಗೆದು ತರಗತಿಯಲ್ಲಿ ಹಂಚಿ, ಯಾವುದು ಮೇಲು, ಏಕೆ ಎಂದು ಮೊದಲು ಮಕ್ಕಳಿಂದಲೇ ಹೇಳಿಸಲು ಏನು ಅಡ್ಡಿ? ಸಾಲ ಮಾಡಿ ಫೀಸು ಕಟ್ಟುವ ನಾವು ಇಷ್ಟನ್ನಾದರೂ ಕೇಳಬೇಕು.

ಆದರೆ ಕಾಲೇಜನ್ನು ಬೈದು ಕೈ ತೊಳೆದುಕೊಳ್ಳುವ ಹಾಗಿಲ್ಲ. ಮಗ ಮನೆಗೆ ಬಂದರೆ ನಮ್ಮ ಮೊದಲ ಮಾತು "ಎಷ್ಟು ಬಂತು?" ಎರಡನೆಯದು "ಅವರ ಮಗಳಿಗೆ ಎಷ್ಟು ಬಂತು?" ರುತ್ ಬಟ್ಲರ್ ಇಸ್ರೇಲಿನ ಶಾಲಾಮಕ್ಕಳ ಮೇಲೆ ನಡೆಸಿ 1988ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬರೀ ಟಿಪ್ಪಣಿ ಪಡೆದವರ ಕೆಲಸ ಮುಂದಿನ ಸಲ ಸುಧಾರಿಸಿತು. ಟಿಪ್ಪಣಿಯ ಜೊತೆ ಅಂಕವನ್ನೂ ಪಡೆದವರಲ್ಲಿ ಆ ಲಾಭ ಕಾಣಲಿಲ್ಲ.

ಮಕ್ಕಳು ತಮಗೆ ತಾವೇ ಶಹಬ್ಬಾಸ್ ಎಂದುಕೊಂಡರೆ ಏನು ಗತಿ ಎಂದು ಹಿರಿಯರೊಬ್ಬರು ಕೇಳಿದರು. ಮೊದಮೊದಲು ಎಂದುಕೊಳ್ಳುತ್ತಾರೆ, ತಪ್ಪುತ್ತಾರೆ. ಕಾರಣ ಹೇಳು ಎಂದರೆ, ಆಮೇಲೆ ಮೇಷ್ಟ್ರ ತೀರ್ಪಿನ ಪಕ್ಕ ಇಟ್ಟು ನೋಡಿಸಿದರೆ, ತೂಕ ತಾನಾಗಿ ಸರಿಹೋಗುತ್ತದೆ. ಇನ್ನೊಬ್ಬರು ಈಗ ಚಾಟ್‌ಜಿಪಿಟಿಯನ್ನೇ ಕೇಳಿದರಾಯಿತು ಎಂದರು. ಅದು ಹೇಳಿದ್ದು ಗಟ್ಟಿಯೋ ಜಾಳೋ ಎಂದು ನೋಡುವವರು ಯಾರು, ಸ್ವಾಮಿ?

ನಮ್ಮ ಸಂಘದ ತಪ್ಪೂ ಇದೆ. ರಾಜ್ಯೋತ್ಸವದ ಪ್ರಬಂಧ ಸ್ಪರ್ಧೆಯಲ್ಲಿ ಬಹುಮಾನ ಹಂಚಿ ಚಪ್ಪಾಳೆ ಹೊಡೆಯುತ್ತೇವೆ, ಮೊದಲನೆಯದು ಏಕೆ ಮೊದಲನೆಯದು ಎಂದು ಒಬ್ಬರೂ ಹೇಳಿದ್ದಿಲ್ಲ. ಈ ನವೆಂಬರಿನಲ್ಲಿ ಕಾಲೇಜು ವಿಭಾಗದವರು, ಕನ್ನಡವೋ ಇಂಗ್ಲಿಷೋ, ಪ್ರಬಂಧದ ಜೊತೆಗೆ ಬೇರೆ ಲಕೋಟೆಯಲ್ಲಿ ನಾಲ್ಕು ಸಾಲು ಬರೆದು ಕೊಡಬೇಕು: ಎಲ್ಲಿ ಚೆನ್ನಾಗಿ ಬಂದಿದೆ, ಎಲ್ಲಿ ಸಡಿಲ, ಇನ್ನೊಂದು ದಿನ ಸಿಕ್ಕಿದ್ದರೆ ಏನು ಮಾಡುತ್ತಿದ್ದೆ. ತೀರ್ಪುಗಾರರು ತಮ್ಮ ಅಭಿಪ್ರಾಯ ಬರೆದಾದ ಮೇಲೆ ಲಕೋಟೆ ಒಡೆದು, ಬರೆದವರ ಎದುರಿಗೇ ಕೂತು ಎರಡನ್ನೂ ಓದುತ್ತಾರೆ. ಪ್ರಬಂಧವನ್ನು ತಿದ್ದುವ ಅಪ್ಪ ಅಮ್ಮಂದಿರನ್ನು ತಡೆಯುವುದು ನಮ್ಮಿಂದ ಆಗದು. ಆ ನಾಲ್ಕು ಸಾಲನ್ನಾದರೂ ದಯವಿಟ್ಟು ತಿದ್ದಿಕೊಡಬೇಡಿ.