ಅಳಿಸಿದ ಕಾಗದ ಎಲ್ಲಿಗೆ ಹೋಗುತ್ತೆ?



ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಎಂದಿನಂತೆ ಅಡಿಗೆ, ಅತ್ತೆ-ಸೊಸೆ, ಕೂದಲು ಉದುರುವುದು, ಇವೇ. ಒಂದು ಮಾತ್ರ ಬೇರೆ ಥರದ್ದು. ತುರುವೇಕೆರೆ ಕಡೆಯಿಂದ ಬಂದದ್ದು. ಬರೆದವರ ಹೆಸರು ಬೇಡ, ಸಂಗತಿ ಕೇಳಿ:

"ಅಕ್ಕಾ, ನಮ್ಮ ಯಜಮಾನರು ಹೋಗಿ ಐದು ತಿಂಗಳಾಯಿತು. ಅವರ ಫೋನಿನಲ್ಲಿ ಜಾಗ ತುಂಬಿದೆ, ಜಾಗ ತುಂಬಿದೆ ಅಂತ ದಿನಾ ಬರುತ್ತಿತ್ತು. ರಜಕ್ಕೆ ಬಂದಿದ್ದ ಮೈದುನನ ಮಗ 'ಕೊಡಿ ಇಲ್ಲಿ ದೊಡ್ಡಮ್ಮಾ' ಅಂತ ಹಳೆಯ ಇ-ಮೇಲುಗಳನ್ನೆಲ್ಲ ಅಳಿಸಿಕೊಟ್ಟ. ಮಗಳು ಹೊರದೇಶಕ್ಕೆ ಹೋದಾಗಿನಿಂದ ಅಪ್ಪನಿಗೆ ಬರೆದದ್ದು, ಅಪ್ಪ ಅವಳಿಗೆ ಬರೆದದ್ದು ಎಲ್ಲ ಅದರಲ್ಲೇ ಇತ್ತು. ಹದಿನೆಂಟು ದಿನ ಕಳೆಯಿತು. ಮಗಳಿಗೆ ಹೇಳೋ ಧೈರ್ಯ ಬರುತ್ತಿಲ್ಲ. ಅಳಿಸಿದ್ದು ವಾಪಸು ಬರುತ್ತದೆಯೇ?"

ಹದಿನೆಂಟು ದಿನ ಎಂದು ಓದಿದ ಕೂಡಲೇ ನಾನು ಸಂಚಿಕೆ ಬರುವ ತನಕ ಕಾಯಲಿಲ್ಲ. ಪತ್ರದ ಕೆಳಗೆ ನಂಬರು ಬರೆದಿದ್ದರು, ಫೋನ್ ಮಾಡಿದೆ. ಯಾಕೆ ಅವಸರ ಎಂಬುದನ್ನು ನಿಮಗೂ ಹೇಳುತ್ತೇನೆ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯವರಿಗೆ ಇದನ್ನು ತಿಳಿಸಿ ಹೇಳುವುದು ಸುಲಭ. ಕಾಯಿ ಕೆಡವಿದ ಮೇಲೆ ಅಟ್ಟಕ್ಕೆ ಹಾಕುತ್ತೀರಿ, ಅಲ್ಲವೇ? ಹತ್ತು-ಹನ್ನೊಂದು ತಿಂಗಳು ಅದನ್ನು ಯಾರೂ ಮುಟ್ಟುವುದಿಲ್ಲ. ಒಳಗಿನ ನೀರೆಲ್ಲ ಇಂಗಿ, ಅಲ್ಲಾಡಿಸಿದರೆ ಗಡಗಡ ಎಂದಾಗ ಇಳಿಸಿ, ಒಡೆದು ಉಂಡೆ ಕೊಬ್ಬರಿ ತೆಗೆಯುತ್ತೀರಿ. ಇ-ಮೇಲಿಗೂ ಅಂಥದೊಂದು ಅಟ್ಟ ಇದೆ. ಜಿಮೇಲಿನಲ್ಲಿ ಅದರ ಹೆಸರು 'ಬಿನ್', ಕೆಲವು ಫೋನುಗಳಲ್ಲಿ 'ಟ್ರ್ಯಾಶ್'. ನೀವು ಅಳಿಸಿದ ಕಾಗದ ನೇರವಾಗಿ ಅಲ್ಲಿಗೆ ಹೋಗಿ ಕೂರುತ್ತದೆ. ಆದರೆ ವಾಯಿದೆ 30 ದಿನ ಅಷ್ಟೇ. ನಿಮ್ಮ ಅಟ್ಟದಲ್ಲಿ ದಿನ ಕಳೆದಷ್ಟೂ ಕಾಯಿಗೆ ಬೆಲೆ ಬರುತ್ತದೆ, ಈ ಅಟ್ಟದಲ್ಲಿ ದಿನ ತುಂಬಿದರೆ ಕಾಗದವೇ ಇರುವುದಿಲ್ಲ. ಮೂವತ್ತು ದಿನದೊಳಗೆ ಹೋಗಿ, ಬೇಕಾದ ಕಾಗದವನ್ನು ಒತ್ತಿಹಿಡಿದು, 'ಮೂವ್ ಟು ಇನ್‌ಬಾಕ್ಸ್' ಎಂದರೆ ಇದ್ದ ಹಾಗೇ ವಾಪಸು ಬರುತ್ತದೆ.

ಇನ್ನೊಂದು ಗುಟ್ಟು. ಕಾಗದವನ್ನು ಬೆರಳಿನಿಂದ ಪಕ್ಕಕ್ಕೆ ತಳ್ಳಿದಾಗ ಮಾಯವಾಯಿತು ಎಂದು ಎಷ್ಟೋ ಜನ ಗಾಬರಿಯಾಗುತ್ತಾರೆ. ಜಿಮೇಲಿನಲ್ಲಿ ಹಾಗೆ ತಳ್ಳಿದರೆ ಸಾಮಾನ್ಯವಾಗಿ ಅದು ಅಳಿಸುವುದಿಲ್ಲ, 'ಆರ್ಕೈವ್' ಆಗುತ್ತದೆ. ಅಂದರೆ ಎದುರಿನ ಮೇಜಿನಿಂದ ಎತ್ತಿ ಒಳಗಿನ ಬೀರುವಿಗೆ ಇಟ್ಟಂತೆ. 'ಆಲ್ ಮೇಲ್' ಎಂಬಲ್ಲಿ ಹುಡುಕಿ, ಅಲ್ಲೇ ಇರುತ್ತದೆ. ಇದಕ್ಕೆ ವಾಯಿದೆಯೂ ಇಲ್ಲ.

ಫೋನಿನಲ್ಲೇ ಆ ತಾಯಿಗೆ ಒಂದೊಂದಾಗಿ ಒತ್ತಲು ಹೇಳಿದೆ. ಬಿನ್ ತೆರೆದರು. ಖಾಲಿ. ಹುಡುಗ ಬಲು ಚುರುಕು, 'ಎಂಪ್ಟಿ ಬಿನ್' ಎಂಬುದನ್ನೂ ಒತ್ತಿ ಗುಡಿಸಿ ಸಾರಿಸಿಬಿಟ್ಟಿದ್ದ. ಆ ಕಡೆ ಮಾತೇ ಇಲ್ಲ.

ಆಗ ನಾನು ಕೇಳಿದ್ದು ಒಂದೇ: "ಅಮ್ಮಾ, ಕಾಗದ ಬರೆದವಳು ಯಾರು?" ಮಗಳು ತಾನೇ? ಹಿಂದಿನ ಇನ್‌ಲ್ಯಾಂಡ್ ಲೆಟರ್ ಆಗಿದ್ದರೆ ಬರೆದವರ ಕೈಬಿಟ್ಟು ಓದುವವರ ಕೈಸೇರುತ್ತಿತ್ತು, ಇದ್ದದ್ದು ಒಂದೇ ಪ್ರತಿ. ಇ-ಮೇಲು ಹಾಗಲ್ಲ. ಕಳಿಸಿದವರ 'ಸೆಂಟ್' ಪೆಟ್ಟಿಗೆಯಲ್ಲಿ ಒಂದು ಪ್ರತಿ, ಪಡೆದವರ ಬಳಿ ಇನ್ನೊಂದು. ಅಪ್ಪ ತನ್ನ ಕಡೆ ಇರುವುದನ್ನೆಲ್ಲ ಅಳಿಸಿದರೂ ಮಗಳ ಪೆಟ್ಟಿಗೆಯಲ್ಲಿ ಒಂದಕ್ಷರ ಅಲ್ಲಾಡುವುದಿಲ್ಲ. ಅವಳು ಬರೆದದ್ದು ಅವಳ 'ಸೆಂಟ್'ನಲ್ಲಿ, ಅಪ್ಪ ಬರೆದದ್ದು ಅವಳ 'ಇನ್‌ಬಾಕ್ಸ್'ನಲ್ಲಿ. ಯಾರಿಗೆ ಹೇಳಲು ಹೆದರಿ ಈ ತಾಯಿ ಹದಿನೆಂಟು ದಿನ ನಿದ್ದೆಗೆಟ್ಟರೋ, ಆ ಮಗಳ ಹತ್ತಿರವೇ ಎಲ್ಲ ಇರಬೇಕು. "ಇವತ್ತೇ ಹೇಳಿಬಿಡಿ, ಅವಳೂ ಜಾಗ ಮಾಡಲು ಹೋಗಿ ಗುಡಿಸಿಬಿಟ್ಟಾಳು" ಎಂದೆ. ಎರಡು ದಿನ ಬಿಟ್ಟು ಅವರೇ ಫೋನ್ ಮಾಡಿದರು. "ಎಲ್ಲಾ ಇವೆಯಂತೆ ಅಕ್ಕಾ. ಅವಳೂ ಅತ್ತಳು, ನಾನೂ ಅತ್ತೆ" ಎಂದರು. ಹುಡುಗನನ್ನು ಬೈಯಬೇಡಿ ಎಂದು ಹೇಳಿ ಫೋನಿಟ್ಟೆ.

ಈಗ ಜಾಗದ ಮಾತು. 1995ರ ಆಗಸ್ಟ್ 15ರಂದು ನಮ್ಮ ದೇಶದಲ್ಲಿ ವಿಎಸ್‌ಎನ್‌ಎಲ್ ಸಂಸ್ಥೆ ಸಾರ್ವಜನಿಕರಿಗೆ ಇಂಟರ್ನೆಟ್ ಕೊಟ್ಟಾಗ, ಟೆಲಿಫೋನ್ ತಂತಿಯ ಮೂಲಕ ಕಂಪನಿಯ ಕಂಪ್ಯೂಟರಿಗೆ ಕರೆ ಮಾಡಿ ಕಾಗದಗಳನ್ನು ಮನೆಯ ಕಂಪ್ಯೂಟರಿಗೆ ಇಳಿಸಿಕೊಳ್ಳುವ ಪದ್ಧತಿ ಇತ್ತು. ಆ ದೂರದ ಕಂಪ್ಯೂಟರನ್ನೇ 'ಸರ್ವರ್' ಅನ್ನುವುದು, ನಮ್ಮ ಅಂಚೆ ಕಚೇರಿ ಇದ್ದ ಹಾಗೆ. ಇಳಿಸಿಕೊಂಡ ಮೇಲೆ ಸರ್ವರಿನಲ್ಲಿ ಪ್ರತಿ ಉಳಿಯಬೇಕೋ ಬೇಡವೋ ಎಂದು ಗುರುತು ಹಾಕಬೇಕಿತ್ತು. ಬೇಡ ಎಂದಿದ್ದರೆ, ಮನೆಯ ಕಂಪ್ಯೂಟರ್ ಕೆಟ್ಟ ದಿನ ಕಾಗದಗಳೂ ಕೆಟ್ಟವು. 1996ರ ಜುಲೈ 4ರಂದು ಸಬೀರ್ ಭಾಟಿಯಾ ಮತ್ತು ಜಾಕ್ ಸ್ಮಿತ್ 'ಹಾಟ್‌ಮೇಲ್' ಶುರುಮಾಡಿದರು. ಭಾಟಿಯಾ ಶಾಲೆ ಓದಿದ್ದು ನಮ್ಮ ಬೆಂಗಳೂರಿನಲ್ಲಿ. ಅಂದಿನಿಂದ ಕಾಗದ ಸರ್ವರಿನಲ್ಲೇ ಇದ್ದು, ಎಲ್ಲಿಂದ ಬೇಕಾದರೂ ಓದುವ ಅನುಕೂಲ ಜನಕ್ಕೆ ಸಿಕ್ಕಿತು. ಕೊಟ್ಟ ಜಾಗ ಬರೀ 2 ಎಂಬಿ. ವಾರವಾರ ಅಳಿಸದೆ ಗತಿಯಿರಲಿಲ್ಲ. 2004ರ ಏಪ್ರಿಲ್ 1ರಂದು ಜಿಮೇಲ್ 1 ಜಿಬಿ ಕೊಡುತ್ತೇವೆ ಎಂದಾಗ ಎಷ್ಟೋ ಜನ ಏಪ್ರಿಲ್ ಫೂಲ್ ಅಂದುಕೊಂಡಿದ್ದರು.

ಈಗ ಪುಕ್ಕಟೆ ಸಿಗುವುದು 15 ಜಿಬಿ. ಇಷ್ಟಾದರೂ ಯಾಕೆ ತುಂಬುತ್ತದೆ? ಅಕ್ಷರದಿಂದ ತುಂಬುವುದಿಲ್ಲ ತಾಯಂದಿರೇ. ಆ ಜಾಗ ಕಾಗದಕ್ಕೂ, ಗೂಗಲ್‌ಗೆ ಏರಿದ ಫೋಟೋಗಳಿಗೂ, ಡ್ರೈವಿಗೂ ಸೇರಿ ಒಂದೇ. 2024ರಿಂದ ಆಂಡ್ರಾಯ್ಡ್ ಫೋನುಗಳ ವಾಟ್ಸಾಪ್ ಬ್ಯಾಕಪ್ಪೂ ಅದೇ ಲೆಕ್ಕಕ್ಕೆ ಸೇರಿದೆ. ಬೆಳಿಗ್ಗೆ ಎದ್ದರೆ ಬರುವ ಶುಭೋದಯದ ವಿಡಿಯೋಗಳು ಮಗಳ ಕಾಗದದ ಜಾಗ ತಿನ್ನುತ್ತಿವೆ! ಅಳಿಸುವುದಿದ್ದರೆ ಮೊದಲು ಅವನ್ನು ಅಳಿಸಿ. ನೂರು ಕಾಗದ ಅಳಿಸಿದರೂ ಉಳಿಯದ ಜಾಗ ಒಂದು ವಿಡಿಯೋದಿಂದ ಉಳಿಯುತ್ತದೆ.

ಹಾಗಾದರೆ ಬಿನ್‌ನಿಂದಲೂ ಹೋದದ್ದು ನಿಜವಾಗಿ ಹೋಯಿತೇ? ನಮ್ಮ ಪಾಲಿಗೆ ಹೋಯಿತು. ಕಂಪನಿಯ ಪಾಲಿಗೆ ತಕ್ಷಣ ಹೋಗುವುದಿಲ್ಲ. ಗೂಗಲ್ ಹೇಳುವ ಪ್ರಕಾರ ಅಳಿಸಿದ್ದು ಅವರ ಸರ್ವರುಗಳಿಂದ ಪೂರ್ತಿ ಹೋಗಲು ಸುಮಾರು 2 ತಿಂಗಳು ಬೇಕು, ಆಪತ್ತಿಗೆಂದು ಇಟ್ಟ ಬ್ಯಾಕಪ್ಪಿನಲ್ಲಿ 6 ತಿಂಗಳವರೆಗೂ ಇರಬಹುದು. "ಹಾಗಿದ್ದರೆ ಕೇಳಿ ಈಸಿಕೊಳ್ಳೋಣ" ಅನ್ನಬೇಡಿ. ಆ ಬ್ಯಾಕಪ್ಪು ಇರುವುದು ಅವರ ಯಂತ್ರ ಕೆಟ್ಟರೆ ಎಂಬುದಕ್ಕೆ, ನಾವು ಕೈತಪ್ಪಿ ಅಳಿಸಿದ್ದಕ್ಕಲ್ಲ. ಯಂತ್ರ ಕೆಟ್ಟದ್ದೂ ಉಂಟು. 2011ರ ಫೆಬ್ರವರಿ ಕೊನೆಯಲ್ಲಿ ಜಿಮೇಲ್ ಬಳಸುವವರಲ್ಲಿ ಹತ್ತು ಸಾವಿರಕ್ಕೆ ಸುಮಾರು ಇಬ್ಬರ ಪೆಟ್ಟಿಗೆ ಇದ್ದಕ್ಕಿದ್ದಂತೆ ಖಾಲಿಯಾಯಿತು. ಸಾಫ್ಟ್‌ವೇರಿನ ಒಂದು ದೋಷದಿಂದ ಬೇರೆಬೇರೆ ಕಡೆ ಇಟ್ಟಿದ್ದ ಪ್ರತಿಗಳೂ ಹೋಗಿದ್ದವು. ಕಡೆಗೆ ಕೈಹಿಡಿದದ್ದು ಹಳೆಯ ಕಾಲದ ಟೇಪು, ಹಾಡಿನ ಕ್ಯಾಸೆಟ್ಟಿನ ಜಾತಿಯದು! ಯಂತ್ರದಿಂದ ಬಿಡಿಸಿ ಬೇರೆ ಇಟ್ಟಿದ್ದರಿಂದ ಅದಕ್ಕೆ ರೋಗ ತಗುಲಿರಲಿಲ್ಲ.

ಇದೇ ಟೇಪು ಇನ್ನೊಂದು ಕಡೆ ಅಳಿಸಿದವರಿಗೇ ಉರುಳಾಯಿತು. 1986ರಲ್ಲಿ ಅಮೆರಿಕ ಸರ್ಕಾರದವರು ಇರಾನಿಗೆ ಗುಟ್ಟಾಗಿ ಆಯುಧ ಮಾರಿದ ಹಗರಣ ಹೊರಬಿತ್ತು. ಶ್ವೇತಭವನದ ಜಾನ್ ಪಾಯಿಂಡೆಕ್ಸ್‌ಟರ್, ಆಲಿವರ್ ನಾರ್ತ್ ಎಂಬ ಅಧಿಕಾರಿಗಳು ಸಾವಿರಾರು ಕಂಪ್ಯೂಟರ್ ಸಂದೇಶಗಳನ್ನು ಅಳಿಸಿ ಕೈತೊಳೆದುಕೊಂಡರು. ಸರ್ವರಿನ ಬ್ಯಾಕಪ್ ಟೇಪುಗಳಲ್ಲಿ ಅವು ಹಾಗೇ ಇದ್ದವು, ತನಿಖೆಯವರ ಕೈಗೆ ಸಿಕ್ಕವು. ನಮಗೇನು ಅಮೆರಿಕದ ಸುದ್ದಿ ಅನ್ನುತ್ತೀರಾ? ಶಾಲೆಯೋ ಕಚೇರಿಯೋ ಕೊಟ್ಟ ಇ-ಮೇಲಿನಲ್ಲಿ ಮನೆಯ ಜಗಳ, ಆಸ್ಪತ್ರೆಯ ವಿಷಯ, ಗಂಡನ ಸಾಲ ಬರೆಯುವ ಹೆಣ್ಣುಮಕ್ಕಳು ಎಷ್ಟಿಲ್ಲ! ಅಂಥ ಖಾತೆಯ ಯಜಮಾನರು ಸಂಸ್ಥೆಯವರು. ಗೂಗಲ್ ನಡೆಸುವ ಕಚೇರಿ ಖಾತೆಗಳಲ್ಲಿ ನೀವು ಬಿನ್ ಖಾಲಿ ಮಾಡಿದ ಮೇಲೂ 25 ದಿನದೊಳಗೆ ಮೇಲಿನವರು ಅದನ್ನು ವಾಪಸು ತರಬಲ್ಲರು, ಬೇಕೆಂದರೆ ವರ್ಷಗಟ್ಟಲೆ ಉಳಿಸುವ ಏರ್ಪಾಡನ್ನೂ ಮಾಡಿಕೊಳ್ಳಬಹುದು. ಒಳಮನೆಯ ಮಾತಿಗೆ ಸ್ವಂತದ ಬೇರೆ ಖಾತೆ ಇರಲಿ.

ತೀರಿಹೋದವರ ಖಾತೆಯ ಬಗ್ಗೆ ಎಲ್ಲರೂ ತಿಳಿಯಬೇಕಾದದ್ದೊಂದಿದೆ. 2 ವರ್ಷ ಯಾರೂ ಬಳಸದ ಗೂಗಲ್ ಖಾತೆಯನ್ನು ಕಂಪನಿಯವರು ಕಾಗದ-ಫೋಟೋ ಸಮೇತ ತೆಗೆದುಹಾಕಬಹುದು. 2023ರ ಡಿಸೆಂಬರಿನಿಂದ ಈ ನಿಯಮ ಜಾರಿಯಲ್ಲಿದೆ. ಗುಪ್ತಪದ ಕೇಳಿದರೆ ಹೆಂಡತಿಗೂ ಕೊಡುವುದಿಲ್ಲ. ಅರ್ಜಿ ಹಾಕಬಹುದು, ದಾಖಲೆ ನೋಡಿ ಅವರೇ ತೀರ್ಮಾನಿಸುತ್ತಾರೆ. ಯಜಮಾನರು ಗಟ್ಟಿಮುಟ್ಟಾಗಿ ಇರುವಾಗಲೇ 'ಇನ್‌ಆಕ್ಟಿವ್ ಅಕೌಂಟ್ ಮ್ಯಾನೇಜರ್' ಎಂಬಲ್ಲಿ ನಿಮ್ಮ ಹೆಸರು ಬರೆಸಿಡಿ. ಖಾತೆ ಇಂತಿಷ್ಟು ತಿಂಗಳು ಸುಮ್ಮನಿದ್ದರೆ ಅದರೊಳಗಿನದು ನಿಮಗೆ ಸಿಗುವ ಹಾಗೆ ಮಾಡಬಹುದು. ಕನಿಷ್ಠ 3 ತಿಂಗಳು, ಹೆಚ್ಚೆಂದರೆ 18. ಹತ್ತು ಜನರವರೆಗೆ ಹೆಸರು ಕೊಡಬಹುದು. ಇದನ್ನು ಕೇಳಲು ಸಂಕೋಚ, ಅಪಶಕುನ ಅನ್ನಿಸುತ್ತದೆ, ನಿಜ. ವಿಮೆಗೆ ನಾಮಿನಿ ಬರೆಸುವಾಗ ಹಾಗೆ ಅನ್ನಿಸಿತೇ?

ಪ್ರತಿ ಮಾಡಿಡುವುದಾದರೆ ಎಲ್ಲಕ್ಕೂ ಒದ್ದಾಡಬೇಡಿ. ಪಹಣಿ ಮತ್ತೆ ತೆಗೆಸಬಹುದು, ಬ್ಯಾಂಕಿನ ಲೆಕ್ಕ ಬ್ಯಾಂಕಿನಲ್ಲಿದೆ, ಕರೆಂಟ್ ಬಿಲ್ಲು ಯಾರಿಗೆ ಬೇಕು. ಬೇರೆ ಎಲ್ಲೂ ಸಿಗದಂಥವು ನಾಲ್ಕೇ ಇರುತ್ತವೆ, ಮಗನ ಮೊದಲ ಸಂಬಳದ ಕಾಗದ, ತಂಗಿ ಬರೆದದ್ದು, ಹೋದವರ ಕೈಯಿಂದ ಬಂದದ್ದು. ಅವನ್ನು ಪ್ರಿಂಟ್ ಹಾಕಿಸಿ ಸೀರೆಯ ಪೆಟ್ಟಿಗೆಯಲ್ಲಿಡಿ. ಎಲ್ಲವೂ ಬೇಕೆನ್ನುವವರು ಮಕ್ಕಳಿಗೆ ಹೇಳಿ 'ಗೂಗಲ್ ಟೇಕ್‌ಔಟ್'ನಿಂದ ಪೂರ್ತಿ ಇಳಿಸಿ ಪೆನ್‌ಡ್ರೈವಿಗೆ ಹಾಕಿಸಿಕೊಳ್ಳಿ. ಎರಡು ಪೆನ್‌ಡ್ರೈವ್ ಆದರೆ ಒಳ್ಳೆಯದು, ಒಂದು ನಿಮ್ಮಲ್ಲಿ, ಇನ್ನೊಂದು ತವರಿನಲ್ಲೋ ಮಗಳ ಮನೆಯಲ್ಲೋ. ಮೇಲೆ ಚೀಟಿ ಅಂಟಿಸಿ ವರ್ಷ ಬರೆಯಿರಿ. ಇಲ್ಲವಾದರೆ ಯಾರಾದರೂ ಅದಕ್ಕೆ ಸಿನಿಮಾ ತುಂಬುತ್ತಾರೆ.

ಚಿಕ್ಕನಾಯಕನಹಳ್ಳಿಯ ಇಬ್ಬರು ಕೊಬ್ಬರಿ ಮಿಠಾಯಿಯ ಪಾಕ ಪದೇಪದೇ ಗಟ್ಟಿಯಾಗುತ್ತದೆ ಎಂದು ಕೇಳಿದ್ದೀರಿ. ಅದಕ್ಕೆ ಜಾಗ ಸಾಲಲಿಲ್ಲ, ಮುಂದಿನ ಸಂಚಿಕೆಯಲ್ಲಿ.